ಗುಣವೋ ಸಂದರ್ಭವೋ: ಗೋಕಾಕ ಫಾಲ್ಸ್‌ನ ಸೆಟ್ಲಮೆಂಟಿನಿಂದ ಮೈಸೂರಿನ ಸಮಾಜ ಮನೋವಿಜ್ಞಾನದವರೆಗೆ

ಒಬ್ಬ ಮನುಷ್ಯ ತಪ್ಪು ಮಾಡಿದಾಗ ಅದರ ಮೂಲವನ್ನು ಅವನ ಗುಣದಲ್ಲಿ ಹುಡುಕಬೇಕೋ, ಅವನು ಸಿಲುಕಿದ ಸಂದರ್ಭದಲ್ಲಿ ಹುಡುಕಬೇಕೋ ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಕರ್ನಾಟಕದಲ್ಲಿ ಎರಡು ಬಗೆಯ ಸಂಸ್ಥೆಗಳು ಕೈಗೆತ್ತಿಕೊಂಡವು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಭಾಗದಲ್ಲಿ, ಗೋಕಾಕ ಫಾಲ್ಸ್ ಮೊದಲಾದ ಕಡೆ ಅಪರಾಧಿಗಳೆಂದು ಗುರುತಿಸಿದ ಸಮುದಾಯಗಳನ್ನು ಇರಿಸಲು ಸರಕಾರ ಸ್ಥಾಪಿಸಿದ ಸೆಟ್ಲಮೆಂಟುಗಳು ಈ ಪ್ರಶ್ನೆಗೆ ಆಡಳಿತದ ಉತ್ತರವನ್ನು ಕೊಟ್ಟವು. ದಕ್ಷಿಣದ ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಮನೋವಿಜ್ಞಾನವೂ, ಆಮೇಲೆ ಅದೇ ನಗರವನ್ನು ತಮ್ಮ ಅಧ್ಯಯನದ ನೆಲೆಯಾಗಿಸಿಕೊಂಡ ಅಮೆರಿಕದ ಸಮಾಜ ಮನೋವಿಜ್ಞಾನಿ ಜೋನ್ ಮಿಲ್ಲರ್ ಅವರ ಸಂಶೋಧನೆಗಳೂ ಅದೇ ಪ್ರಶ್ನೆಯನ್ನು ಜನರ ಮುಂದಿಟ್ಟು, ಅವರು ಕೊಟ್ಟ ಉತ್ತರಗಳನ್ನು ಎಣಿಸಿ ನೋಡಿದವು. ಈ ಎರಡು ಚರಿತ್ರೆಗಳನ್ನು ಸಾಮಾನ್ಯವಾಗಿ ಒಟ್ಟಿಗೆ ಓದುವುದಿಲ್ಲ. ಒಂದನ್ನು ಪೊಲೀಸ್ ಆಡಳಿತದ ಇತಿಹಾಸಕ್ಕೂ ಇನ್ನೊಂದನ್ನು ವಿದ್ಯಾಲಯಗಳ ಇತಿಹಾಸಕ್ಕೂ ಸೇರಿಸಿ ಬಿಟ್ಟುಬಿಡುವುದು ವಾಡಿಕೆ. ಆದರೆ ಎರಡರ ಒಳಗಿನ ತರ್ಕ ಒಂದೇ ವಿಷಯವನ್ನು ಕುರಿತದ್ದಾದ್ದರಿಂದ, ಒಂದರ ಬೆಳಕಿನಲ್ಲಿ ಇನ್ನೊಂದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಘಟಪ್ರಭಾ ನದಿ ಸುಮಾರು 52 ಮೀಟರು ಆಳಕ್ಕೆ ಧುಮುಕುವ ಸ್ಥಳದಲ್ಲಿ ಗೋಕಾಕ ಫಾಲ್ಸ್ ಎಂಬ ಊರು ಬೆಳೆದದ್ದು ಅಲ್ಲಿನ ಹತ್ತಿ ಗಿರಣಿಯಿಂದ. 1885ರಲ್ಲಿ ಸ್ಥಾಪನೆಯಾಗಿ 1887ರ ಹೊತ್ತಿಗೆ ನೂಲುವ ಕೆಲಸ ಆರಂಭಿಸಿದ ಗೋಕಾಕ ಮಿಲ್ಲು, ಕಲ್ಲಿದ್ದಲಿಗೆ ಬದಲಾಗಿ ಜಲಪಾತದ ನೀರಿನ ಬಲವನ್ನೇ ನೆಚ್ಚಿಕೊಂಡು ನಡೆದ ಉದ್ಯಮ. ಗೋಕಾಕ ತಾಲೂಕಿನವರಷ್ಟೇ ಅಲ್ಲದೆ ಇಂದು ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿರುವ ಹಳ್ಳಿಗಳವರೂ ಕೂಲಿಗೆಂದು ನೋಡುತ್ತಿದ್ದ ದಿಕ್ಕು ಅದು. ಹಂಗಾಮಿನ ಬೇಸಾಯವನ್ನು ನಂಬಿದ ಸೀಮೆಯಲ್ಲಿ ವರ್ಷವಿಡೀ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ಕೆಲಸಗಾರರ ಅಗತ್ಯ ಗಿರಣಿಗೆ ಇತ್ತು. ಅಲೆಮಾರಿ ಕುಟುಂಬಗಳನ್ನು ಒಂದೆಡೆ ನಿಲ್ಲಿಸಿ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಇಚ್ಛೆ ಸರಕಾರಕ್ಕೆ ಇತ್ತು. ಈ ಎರಡು ಅಗತ್ಯಗಳು ಕೂಡಿದ ಕಡೆಗಳಲ್ಲಿ ಮುಂಬೈ ಪ್ರಾಂತ್ಯದ ಕೈಗಾರಿಕಾ ಸೆಟ್ಲಮೆಂಟುಗಳು ಹುಟ್ಟಿಕೊಂಡವು. ವಿಜಾಪುರ, ಗದಗ, ಹುಬ್ಬಳ್ಳಿ, ಖಾನಾಪುರ, ದಾಂಡೇಲಿ, ಸೊಲ್ಲಾಪುರಗಳಂತೆ ಗೋಕಾಕ ಫಾಲ್ಸ್ ಕೂಡ ಆ ಪಟ್ಟಿಯಲ್ಲಿತ್ತು.

ಈ ಸೆಟ್ಲಮೆಂಟುಗಳ ಹಿಂದೆ ಇದ್ದ ಶಾಸನವನ್ನು ಅಪರಾಧಿ ಬುಡಕಟ್ಟುಗಳ ಕಾಯಿದೆ ಎಂದು ಕರೆಯಲಾಗುತ್ತಿತ್ತು. 1871ರಲ್ಲಿ ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿ ಹೊರಡಿಸಿದ ಈ ಕಾಯಿದೆಯನ್ನು 1911ರಲ್ಲಿ ತಿದ್ದಿ, ಮುಂಬೈ ಮತ್ತು ಮದ್ರಾಸು ಪ್ರಾಂತ್ಯಗಳೂ ಸೇರಿದಂತೆ ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಲಾಯಿತು. 1924ರಲ್ಲಿ ಅದನ್ನು ಮತ್ತೊಮ್ಮೆ ಕ್ರೋಡೀಕರಿಸಲಾಯಿತು. ಸಾಮಾನ್ಯ ದಂಡಶಾಸನದಲ್ಲಿ ಒಂದು ಕೃತ್ಯ ಮೊದಲು ನಡೆಯಬೇಕು, ಅದನ್ನು ಒಬ್ಬ ವ್ಯಕ್ತಿ ಮಾಡಿದನೆಂಬುದು ಸಾಬೀತಾಗಬೇಕು, ಆಮೇಲೆ ಶಿಕ್ಷೆಯ ಮಾತು. ಈ ಕಾಯಿದೆಯಲ್ಲಿ ಆ ಕ್ರಮವೇ ತಿರುವುಮುರುವಾಯಿತು: ಒಂದು ಸಮುದಾಯ ಅಪರಾಧವನ್ನು ವೃತ್ತಿಯಾಗಿಸಿಕೊಂಡಿದೆ ಎಂದು ಸರಕಾರ ಅಧಿಸೂಚನೆ ಹೊರಡಿಸಿದರೆ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ, ಆ ಸಮುದಾಯದಲ್ಲಿ ಹುಟ್ಟಿದವರ ಹೆಸರುಗಳನ್ನು ಅವರು ಏನನ್ನು ಮಾಡಿದ್ದರೂ ಮಾಡದಿದ್ದರೂ ದಾಖಲೆ ಪುಸ್ತಕಕ್ಕೆ ಏರಿಸಬಹುದಾಗಿತ್ತು. ಈ ದೇಶದಲ್ಲಿ ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ, ಆದ್ದರಿಂದ ಕಳ್ಳತನವೂ ವಂಶದಿಂದ ವಂಶಕ್ಕೆ ಇಳಿಯುವ ಕುಲಕಸುಬೇ ಇರಬೇಕು ಎಂಬ ವಾದವನ್ನು ಕಾಯಿದೆಯ ಸಮರ್ಥಕರು ಮುಂದಿಟ್ಟಿದ್ದರು. ಮುಂಬೈ ಕರ್ನಾಟಕದಲ್ಲಿ ಗಂಟಿಚೋರ್, ಹರಣಶಿಕಾರಿ, ಕೊರವ, ಭಾಮಟಾ, ಕಂಜರಭಾಟ, ಚಪ್ಪರಬಂದ್ ಮೊದಲಾದ ಹೆಸರುಗಳಿಂದ ಗುರುತಿಸಲ್ಪಟ್ಟ ಜನ ಈ ವಾದಕ್ಕೆ ಗುರಿಯಾದರು. ಇವರಲ್ಲಿ ಎಷ್ಟೋ ಕುಟುಂಬಗಳ ಹಳೆಯ ಬದುಕು ಬೇಟೆ, ಬುಟ್ಟಿ ಹೆಣಿಕೆ, ಉಪ್ಪು ಮತ್ತು ಧಾನ್ಯಗಳ ಸಾಗಾಟ ಮುಂತಾದ ಕಸುಬುಗಳ ಮೇಲೆ ನಿಂತಿತ್ತು. ಅರಣ್ಯ ಕಾನೂನುಗಳು, ಉಪ್ಪಿನ ಮೇಲಿನ ಸರಕಾರಿ ಹಿಡಿತ, ರೈಲು ಸಾರಿಗೆ ಇವು ಒಂದೊಂದಾಗಿ ಬಂದು ಆ ಕಸುಬುಗಳನ್ನು ಕಿತ್ತುಕೊಂಡ ಸಂಗತಿ ದಾಖಲೆ ಪುಸ್ತಕದ ಯಾವ ಅಂಕಣದಲ್ಲಿಯೂ ಬರುವಂತಿರಲಿಲ್ಲ.

ಮುಂಬೈ ಪ್ರಾಂತ್ಯದ ಸೆಟ್ಲಮೆಂಟುಗಳಿಗೆ ರೂಪ ಕೊಟ್ಟವರಲ್ಲಿ ಐ.ಸಿ.ಎಸ್. ಅಧಿಕಾರಿ ಒ. ಎಚ್. ಬಿ. ಸ್ಟಾರ್ಟೆ ಮುಖ್ಯರು. ವಿಜಾಪುರದಲ್ಲಿ ಆರಂಭವಾದ ಪ್ರಯೋಗವನ್ನು ಅವರು ಧಾರವಾಡ, ಬೆಳಗಾವಿ, ಸೊಲ್ಲಾಪುರ ಸೀಮೆಗಳಿಗೆ ಹಬ್ಬಿಸಿದರು. 1928ರಲ್ಲಿ ನೇಮಕವಾಗಿ 1930ರಲ್ಲಿ ವರದಿ ಕೊಟ್ಟ, ಡಾ. ಬಿ. ಆರ್. ಅಂಬೇಡ್ಕರ್ ಅವರೂ ಸದಸ್ಯರಾಗಿದ್ದ ಮುಂಬೈ ಸರಕಾರದ ದಲಿತ ಮತ್ತು ಆದಿವಾಸಿ ಸಮಿತಿಗೆ ಅಧ್ಯಕ್ಷರಾದವರೂ ಇವರೇ. ಅವರ ವ್ಯವಸ್ಥೆಯಲ್ಲಿ ಬೇಲಿಯೊಳಗಿನ ಬಿಡಾರದಲ್ಲಿ ಕುಟುಂಬಗಳನ್ನು ಇರಿಸಿ, ದೊಡ್ಡವರನ್ನು ಗಿರಣಿಗೋ ರೈಲ್ವೆಗೋ ಕಾಡಿನ ಕೆಲಸಕ್ಕೋ ಕಳುಹಿಸಿ, ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಸೇರಿಸಿ, ನಡತೆ ಒಳ್ಳೆಯದೆಂದು ಕಂಡವರನ್ನು ಕೆಲವು ವರ್ಷಗಳ ಮೇಲೆ ಬೇಲಿಯಿಲ್ಲದ ಮುಕ್ತ ವಸತಿಗೆ ಬಿಡುವ ಕ್ರಮವಿತ್ತು. ಈ ಏರ್ಪಾಟಿನ ಒಳಗೇ ಒಂದು ವಿರೋಧವಿತ್ತು. ಅಪರಾಧ ಹುಟ್ಟಿನಿಂದ ಬರುವ ಗುಣವೆಂದು ಕಾಯಿದೆ ನಂಬಿತ್ತಷ್ಟೆ. ಕೂಲಿ, ಸೂರು, ಶಾಲೆಗಳನ್ನು ಕೊಟ್ಟರೆ ನಡತೆ ಬದಲಾಗುತ್ತದೆಂದು ಸೆಟ್ಲಮೆಂಟು ನಂಬಿತ್ತು. ಎರಡನೆಯದು ನಿಜವಾದರೆ ಮೊದಲನೆಯದು ನಿಲ್ಲುವುದಿಲ್ಲ. ಆದರೂ ಎರಡೂ ಒಂದೇ ಇಲಾಖೆಯ ಅಡಿಯಲ್ಲಿ ದಶಕಗಳ ಕಾಲ ನಡೆದವು, ಯಾಕೆಂದರೆ ಬದಲಾದ ನಡತೆಯನ್ನೂ ಆಡಳಿತ ಆ ವ್ಯಕ್ತಿಯ ಸಾಧನೆಯೆಂದು ಪೂರ್ತಿಯಾಗಿ ಒಪ್ಪದೆ, ನಿಗಾ ಇಟ್ಟಿದ್ದರಿಂದ ಬಂದ ಫಲವೆಂದೇ ಓದುತ್ತಿತ್ತು.

ಹಾಜರಿಯ ಪದ್ಧತಿಯಲ್ಲಿ ಈ ಓದು ದಿನದಿನವೂ ಕಾಣಿಸಿಕೊಳ್ಳುತ್ತಿತ್ತು. ಗೊತ್ತಾದ ಹೊತ್ತಿಗೆ ಸೆಟ್ಲಮೆಂಟಿನವರು ಸಾಲಾಗಿ ನಿಲ್ಲಬೇಕು, ಹೆಸರು ಕೂಗಿದಾಗ ಓಗೊಡಬೇಕು. ಬೇರೆ ಊರಿನ ನೆಂಟರ ಮನೆಯ ಮದುವೆಗೋ ಮಣ್ಣಿಗೋ ಹೋಗಬೇಕಾದರೆ ಪಾಸು ಪಡೆಯಬೇಕು. ಪಾಸಿಲ್ಲದೆ ಹೊರಗೆ ಸಿಕ್ಕಿದರೆ, ಬೇರೇನೂ ಮಾಡಿರದಿದ್ದರೂ ಸಿಕ್ಕಿದ್ದೇ ಅಪರಾಧ. ದಿನವಿಡೀ ಯಂತ್ರದ ಮುಂದೆ ನಿಂತು ಇತರ ಕೂಲಿಕಾರರಂತೆಯೇ ನೂಲು ತೆಗೆದ ಒಬ್ಬ ಹೆಣ್ಣುಮಗಳು ಹೊತ್ತು ಮುಳುಗಿದ ಮೇಲೆ ತನ್ನ ಜೊತೆಗಾರ್ತಿಯರು ಕೊಣ್ಣೂರಿನ ಕಡೆಗೆ ಮನೆಯ ದಾರಿ ಹಿಡಿದಾಗ ತಾನು ಮಾತ್ರ ಎಣಿಕೆಗೆ ನಿಲ್ಲಬೇಕಾದ ಸ್ಥಿತಿಯನ್ನು ಊಹಿಸಿದರೆ, ಈ ಪದ್ಧತಿ ಮನುಷ್ಯನ ಸ್ವಪರಿಕಲ್ಪನೆಯ ಮೇಲೆ, ಅಂದರೆ ತಾನು ಎಂಥವನು ಎಂದು ಒಬ್ಬ ತನಗೆ ತಾನೇ ಕಟ್ಟಿಕೊಳ್ಳುವ ಚಿತ್ರದ ಮೇಲೆ, ಎಂಥ ಭಾರ ಹೇರುತ್ತಿತ್ತೆಂಬುದು ತಿಳಿಯುತ್ತದೆ. ಇತರರ ಕಣ್ಣಿನಲ್ಲಿ ಕಂಡ ತನ್ನ ರೂಪವನ್ನೇ ಮನುಷ್ಯ ಮೆಲ್ಲಗೆ ತನ್ನ ನಿಜರೂಪವೆಂದು ತಿಳಿಯುತ್ತಾನೆಂಬ ವಿಚಾರವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿಯೇ ಮಂಡಿಸಿದ್ದರು. 1967ರಲ್ಲಿ ಡ್ಯಾರಿಲ್ ಬೆಮ್ ಎಂಬ ಮನೋವಿಜ್ಞಾನಿ ಸ್ವಗ್ರಹಿಕೆಯ ಸಿದ್ಧಾಂತವೆಂಬ ಹೆಸರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾವು ನಮ್ಮ ಮನಸ್ಸನ್ನು ಒಳಗಿನಿಂದ ನೇರವಾಗಿ ತಿಳಿಯುವುದಕ್ಕಿಂತ ಹೆಚ್ಚಾಗಿ, ನಮ್ಮದೇ ನಡವಳಿಕೆಯನ್ನು ಹೊರಗಿನವರಂತೆ ಗಮನಿಸಿ ಅದರಿಂದ ಊಹಿಸಿಕೊಳ್ಳುತ್ತೇವೆ ಎಂದರು. ಮರಾಠಿಯ ಲಕ್ಷ್ಮಣ ಗಾಯಕವಾಡ ಅವರ ‘ಉಚಲ್ಯಾ’ ಎಂಬ ಆತ್ಮಕಥನ 1987ರಲ್ಲಿ ಪ್ರಕಟವಾಗಿ ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದಾಗ, ಈ ಸಿದ್ಧಾಂತಗಳು ಹೊರಗಿನಿಂದ ಹೇಳಿದ್ದನ್ನು ಅಂಥ ಸಮುದಾಯವೊಂದರಲ್ಲಿ ಹುಟ್ಟಿದವರೇ ಒಳಗಿನಿಂದ ಬರೆದಂತಾಯಿತು.

ಕಾಯಿದೆಯನ್ನು ಕ್ರೋಡೀಕರಿಸಿದ 1924ನೆಯ ಇಸವಿಯಲ್ಲಿಯೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. 1916ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯಕ್ಕೆ 1920ರ ದಶಕದಲ್ಲಿ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್, ಅದಕ್ಕೂ ಮೊದಲು ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು ರೂಪಿಸಿದವರು. ತತ್ತ್ವಶಾಸ್ತ್ರದ ಒಂದು ಅಧ್ಯಾಯವಾಗಿದ್ದ ಮನಸ್ಸಿನ ವಿಚಾರವನ್ನು ಪ್ರಯೋಗಾಲಯಕ್ಕೆ ತರಬೇಕೆಂಬುದು ಅವರ ನಿಲುವಾಗಿತ್ತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ ಅವರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಹೊಸ ವಿಭಾಗದ ಹೊಣೆ ಹೊತ್ತರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ನಡೆಸಿದವರೆಂದು ನಾಡು ಅವರನ್ನು ಹೆಚ್ಚಾಗಿ ನೆನೆಯುವುದಾದರೂ, ಭಾರತದಲ್ಲಿ ಕಲ್ಕತ್ತೆಯ ಬೆನ್ನಿಗೆ ಮನೋವಿಜ್ಞಾನಕ್ಕೆ ಪ್ರತ್ಯೇಕ ನೆಲೆ ಒದಗಿಸಿದ ಕೆಲಸ ಅದಕ್ಕಿಂತ ಚಿಕ್ಕದಲ್ಲ. ಗುರುಗಳಾದ ಸ್ಪಿಯರ್ಮನ್ ಎಲ್ಲ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೆಂದು 1904ರಲ್ಲಿ ವಾದಿಸಿದ್ದವರು; ಆ ಪರಂಪರೆಯಲ್ಲಿ ಬಂದ ಮನೋವಿಜ್ಞಾನಕ್ಕೆ ವ್ಯಕ್ತಿಯ ಒಳಗಿರುವ, ಅಳತೆಗೆ ಸಿಗುವ ಗುಣದ ಮೇಲೆ ಸಹಜವಾಗಿಯೇ ಒಲವು ಹೆಚ್ಚು.

ಅಳತೆಯ ಈ ಕೆಲಸ ಕನ್ನಡದ ಮಕ್ಕಳನ್ನು ಮುಟ್ಟಿದ್ದು ಗೋಕಾಕಕ್ಕೆ ಹತ್ತಿರದ ಧಾರವಾಡ ಸೀಮೆಯಲ್ಲಿ. ಫ್ರಾನ್ಸಿನ ಬಿನೆ ರೂಪಿಸಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಪರಿಷ್ಕರಿಸಲಾಗಿದ್ದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ 1934ರಲ್ಲಿ ಅಳವಡಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಸ್ವಾತಂತ್ರ್ಯಾನಂತರವೂ ಬಹುಕಾಲ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಲ್ಲಿ ಉಳಿಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬುದ್ಧಿಪರೀಕ್ಷೆ ಒಂದೊಂದು ಮಗುವನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿತ್ತು. ಅದು ಗುಣವನ್ನು ಹುಡುಕಿದರೂ ಅದನ್ನು ವ್ಯಕ್ತಿಯಲ್ಲಿ ಹುಡುಕುತ್ತಿತ್ತು; ಅದೇ ಪ್ರಾಂತ್ಯದ ಸೆಟ್ಲಮೆಂಟಿನ ದಾಖಲೆ ಪುಸ್ತಕ ಗುಣವನ್ನು ಸಮುದಾಯದ ಹೆಸರಿನಿಂದಲೇ ತೀರ್ಮಾನಿಸುತ್ತಿತ್ತು.

ಮೈಸೂರಿನ ಮನೋವಿಜ್ಞಾನವನ್ನು ಸಮಾಜದ ಕಡೆಗೆ ತಿರುಗಿಸಿದವರಲ್ಲಿ ಬಿ. ಕುಪ್ಪುಸ್ವಾಮಿ ಅವರ ಹೆಸರು ಮೊದಲು ಬರುತ್ತದೆ. ಮದುವೆ, ವಿಚ್ಛೇದನ, ಜಾತಿಪದ್ಧತಿ ಇವುಗಳ ಬಗ್ಗೆ ಜನರ ಮನೋಭಾವವನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವ ಅಧ್ಯಯನಗಳನ್ನು ಅವರು 1950ರ ದಶಕದಲ್ಲಿ ಕೈಗೊಂಡರು. 1961ರಲ್ಲಿ ಪ್ರಕಟವಾದ ಅವರ ಸಮಾಜ ಮನೋವಿಜ್ಞಾನದ ಪರಿಚಯ ಗ್ರಂಥ ಭಾರತೀಯ ವಿದ್ಯಾರ್ಥಿಗಳ ಹಲವು ತಲೆಮಾರುಗಳಿಗೆ ಪಠ್ಯವಾಯಿತು. ಆದರೆ ಅವರ ಹೆಸರನ್ನು ಇಂದಿಗೂ ದಿನಬಳಕೆಯಲ್ಲಿ ಇಟ್ಟಿರುವುದು ಸಾಮಾಜಿಕ–ಆರ್ಥಿಕ ಸ್ಥಿತಿಯನ್ನು ಅಳೆಯುವ ಕುಪ್ಪುಸ್ವಾಮಿ ಮಾಪಕ. ಕುಟುಂಬದ ಮುಖ್ಯಸ್ಥರ ಓದು, ಅವರ ಉದ್ಯೋಗ, ಮನೆಯ ಆದಾಯ ಈ ಮೂರಕ್ಕೆ ಅಂಕ ಕೊಟ್ಟು, ಒಟ್ಟು 29 ಅಂಕಗಳ ಒಳಗೆ ಕುಟುಂಬವನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುವ ಈ ಮಾಪಕವನ್ನು, ಬೆಲೆ ಏರಿಕೆಗೆ ತಕ್ಕಂತೆ ಆದಾಯದ ಮಿತಿಯನ್ನು ಬದಲಿಸಿಕೊಳ್ಳುತ್ತ, ಭಾರತದ ವೈದ್ಯಕೀಯ ಸಂಶೋಧಕರು ಈಗಲೂ ಉಪಯೋಗಿಸುತ್ತಾರೆ. ಮನುಷ್ಯ ಎಂಥವನೆಂದು ಕೇಳುವ ಮೊದಲು ಅವನು ಎಲ್ಲಿ ನಿಂತಿದ್ದಾನೆಂದು ಕೇಳಬೇಕೆಂಬ ಎಚ್ಚರ ಹೀಗೆ ಒಂದು ಸರಳ ಅಂಕಪಟ್ಟಿಯ ರೂಪದಲ್ಲಿ ಈ ನಾಡಿನ ವಿದ್ವತ್ತಿನಲ್ಲಿ ನೆಲೆಯಾಯಿತು.

ಅದೇ ಕಾಲಕ್ಕೆ ಪಶ್ಚಿಮದ ಸಮಾಜ ಮನೋವಿಜ್ಞಾನ ಒಂದು ಹೊಸ ಪ್ರಶ್ನೆಯತ್ತ ಹೊರಳಿತ್ತು. ಸಾಮಾನ್ಯ ಜನ ಇತರರ ನಡತೆಗೆ ಯಾವ ಕಾರಣ ಕೊಡುತ್ತಾರೆಂಬುದನ್ನು ವಿವರಿಸುವ ಕಾರಣಾರೋಪಣೆಯ ಅಧ್ಯಯನಕ್ಕೆ ಫ್ರಿಟ್ಜ್ ಹೈಡರ್ ಅವರ 1958ರ ಗ್ರಂಥ ತಳಹದಿ ಹಾಕಿತು. 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ನಡೆಸಿದ ಪ್ರಯೋಗದಲ್ಲಿ, ಕ್ಯೂಬಾದ ಕ್ಯಾಸ್ಟ್ರೋ ಪರವಾದ ಪ್ರಬಂಧವೊಂದನ್ನು ಬರೆದವನು ಸ್ವಂತ ಇಚ್ಛೆಯಿಂದ ಬರೆದದ್ದಲ್ಲ, ಹಾಗೆ ಬರೆಯಲು ಅವನಿಗೆ ಹೇಳಲಾಗಿತ್ತು ಎಂದು ಮೊದಲೇ ತಿಳಿಸಿದ್ದರೂ, ಓದಿದ ವಿದ್ಯಾರ್ಥಿಗಳು ಬರೆದವನ ನಿಜವಾದ ಅಭಿಪ್ರಾಯವೂ ಸ್ವಲ್ಪ ಮಟ್ಟಿಗೆ ಅದೇ ಇರಬೇಕೆಂದು ತೀರ್ಮಾನಿಸಿದರು. ಸಂದರ್ಭದ ಒತ್ತಡ ಕಣ್ಣೆದುರಿಗೆ ಇದ್ದರೂ ಅದನ್ನು ಕಡೆಗಣಿಸಿ ನಡತೆಯನ್ನು ಸ್ವಭಾವಕ್ಕೆ ಆರೋಪಿಸುವ ಈ ಒಲವನ್ನು ಲೀ ರಾಸ್ 1977ರಲ್ಲಿ ಕಾರಣಾರೋಪಣೆಯ ಮೂಲಭೂತ ದೋಷವೆಂದು ಕರೆದರು. ಮೂಲಭೂತವೆಂದ ಮೇಲೆ ಅದು ಮನುಷ್ಯಮಾತ್ರರಿಗೆಲ್ಲ ಸಮಾನವಾಗಿರಬೇಕೆಂಬ ಊಹೆ ಆ ಹೆಸರಿನಲ್ಲಿಯೇ ಅಡಗಿತ್ತು. ಇನ್ನೊಂದು ಕಡೆ, ಒಳಿತು ಕೆಡುಕುಗಳ ನೈತಿಕ ತೀರ್ಮಾನ ಮಕ್ಕಳಲ್ಲಿ ಹೇಗೆ ಬೆಳೆಯುತ್ತದೆಂದು 1932ರಲ್ಲಿ ಬರೆದ ಪಿಯಾಜೆಯ ದಾರಿಯಲ್ಲಿ ಮುಂದುವರಿದ ಲಾರೆನ್ಸ್ ಕೋಲ್ಬರ್ಗ್, ನೈತಿಕ ಬುದ್ಧಿ ಮೆಟ್ಟಿಲು ಮೆಟ್ಟಿಲಾಗಿ ಏರಿ ನ್ಯಾಯ ಮತ್ತು ಹಕ್ಕುಗಳ ಸಾರ್ವತ್ರಿಕ ತತ್ತ್ವವನ್ನು ತಲುಪುತ್ತದೆಂದೂ, ಬಂಧುಬಳಗದವರ ನಿರೀಕ್ಷೆಗೆ ತಕ್ಕಂತೆ ನಡೆಯುವುದು ಆ ಏಣಿಯ ನಡುವಣ ಮೆಟ್ಟಿಲೆಂದೂ ಹೇಳಿದ್ದರು.

ಈ ಎರಡೂ ಊಹೆಗಳನ್ನು ಒರೆಗೆ ಹಚ್ಚಿದ ಸ್ಥಳಗಳಲ್ಲಿ ಮೈಸೂರು ಪ್ರಮುಖವಾದದ್ದು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟು ಮಾಡಿದ ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಂದು ಜಗತ್ತಿನ ಸಮಾಜ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಷಿಕಾಗೊದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ ಆರಿಸಿಕೊಂಡು, ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳೂ ವಯಸ್ಕರೂ ಅದರಲ್ಲಿ ಇರುವಂತೆ ನೋಡಿಕೊಂಡು, ತಮಗೆ ಪರಿಚಯವಿರುವ ವ್ಯಕ್ತಿಯೊಬ್ಬರು ಮಾಡಿದ ಒಳ್ಳೆಯ ಕೆಲಸಗಳನ್ನೂ ತಪ್ಪು ಕೆಲಸಗಳನ್ನೂ ವಿವರಿಸಿ ಅವರು ಹಾಗೇಕೆ ಮಾಡಿದರೆಂದು ಹೇಳುವಂತೆ ಅವರು ಕೇಳಿದರು. ಎಂಟು, ಹನ್ನೊಂದು ವರ್ಷದ ಮಕ್ಕಳ ಉತ್ತರಗಳಲ್ಲಿ ಎರಡು ನಾಡುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವಯಸ್ಸು ಏರಿದಂತೆ ದಾರಿಗಳು ಕವಲೊಡೆದವು. ಅಮೆರಿಕದ ವಯಸ್ಕರು ಕೊಟ್ಟ ಕಾರಣಗಳಲ್ಲಿ ಸುಮಾರು ಶೇ. 40ರಷ್ಟು ವ್ಯಕ್ತಿಯ ಸ್ವಭಾವವನ್ನು ಕುರಿತವಾದರೆ ಮೈಸೂರಿನ ವಯಸ್ಕರಲ್ಲಿ ಅಂಥವು ಶೇ. 20ನ್ನೂ ಮುಟ್ಟಲಿಲ್ಲ, ಸಂದರ್ಭವನ್ನು, ಎಂದರೆ ವ್ಯಕ್ತಿಯ ಪಾತ್ರ, ಸಂಬಂಧ, ಸ್ಥಳ, ಕಾಲಗಳನ್ನು ಎತ್ತಿ ಹೇಳಿದ ಕಾರಣಗಳು ಅಮೆರಿಕನ್ನರಲ್ಲಿ ಶೇ. 18ರ ಆಸುಪಾಸಿನಲ್ಲಿದ್ದರೆ ಮೈಸೂರಿನಲ್ಲಿ ಶೇ. 40ರಷ್ಟಿದ್ದವು.

ಆ ಅಧ್ಯಯನದಲ್ಲಿ ಬರುವ ಒಂದು ಪ್ರಸಂಗವನ್ನು ನೋಡಿದರೆ ಅಂಕಿಗಳ ಅರ್ಥ ತಿಳಿಯುತ್ತದೆ. ಕೋರ್ಟಿನ ಕೆಲಸಕ್ಕೆಂದು ಮೋಟಾರ್ ಸೈಕಲ್ಲಿನಲ್ಲಿ ಹೊರಟಿದ್ದ ವಕೀಲರೊಬ್ಬರ ಗಾಡಿಯ ಹಿಂದಿನ ಚಕ್ರ ಸಿಡಿದು, ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ವಕೀಲರು ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ಪೆಟ್ಟು ಎಷ್ಟರದ್ದೆಂದು ವೈದ್ಯರನ್ನು ವಿಚಾರಿಸದೆ ಕೋರ್ಟಿಗೆ ಹೋದರು. ಗಾಯಾಳು ಕೊನೆಗೆ ತೀರಿಕೊಂಡನು. ಇದನ್ನು ಹೇಳಿದ ಹಿಂದೂ ವ್ಯಕ್ತಿ ವಕೀಲರು ಮಾಡಿದ್ದು ತಪ್ಪೆಂದೇ ಹೇಳಿದರೂ ಕಾರಣ ಕೇಳಿದಾಗ, ಕಕ್ಷಿದಾರನ ಪರವಾಗಿ ಕೋರ್ಟಿನಲ್ಲಿ ನಿಲ್ಲುವುದು ಅವರ ಕರ್ತವ್ಯವಾಗಿತ್ತು, ಅವರು ಗಾಬರಿಗೊಂಡಿರಬಹುದು, ಪೆಟ್ಟು ಮೇಲುನೋಟಕ್ಕೆ ಅಷ್ಟು ದೊಡ್ಡದೆಂದು ಕಂಡಿರಲಿಕ್ಕಿಲ್ಲ ಎಂದರು. ಇಂಥ ಪ್ರಸಂಗಗಳನ್ನೇ ಅಮೆರಿಕನ್ನರ ಮುಂದಿಟ್ಟಾಗ ಅವರು ಬೇಜವಾಬ್ದಾರಿ ಮೊದಲಾದ ಸ್ವಭಾವದ ಕಡೆಗೆ ಬೆರಳು ತೋರಿಸುವುದು ಹೆಚ್ಚಾಗಿತ್ತು. ತಪ್ಪು ತಪ್ಪಲ್ಲವೆಂದು ಮೈಸೂರಿನವರು ಹೇಳಲಿಲ್ಲ. ತಪ್ಪನ್ನು ಒಪ್ಪಿಕೊಂಡೇ, ಆ ತಪ್ಪಿನಿಂದ ಮನುಷ್ಯನ ಇಡೀ ಗುಣವನ್ನು ಅಳೆಯಲು ಅವರು ಮುಂದಾಗಲಿಲ್ಲ. ಈ ವ್ಯತ್ಯಾಸ ಓದು ಅಥವಾ ಹಣದ ಅಂತರದಿಂದ ಬಂದಿರಬಹುದೆಂಬ ಸಂದೇಹಕ್ಕೆ ಉತ್ತರವಾಗಿ ಮಿಲ್ಲರ್ ಬೇರೆ ಆರ್ಥಿಕ ಸ್ತರದ ಹಿಂದೂಗಳನ್ನೂ ಆಂಗ್ಲೋ–ಇಂಡಿಯನ್ನರನ್ನೂ ಹೋಲಿಕೆಗೆ ತಂದರು. ಪಶ್ಚಿಮದ ಸಂಸ್ಕಾರ ಹೆಚ್ಚಿದ್ದ ಆಂಗ್ಲೋ–ಇಂಡಿಯನ್ನರ ಉತ್ತರಗಳು ಎರಡು ಗುಂಪುಗಳ ನಡುವೆ ಬಂದು ನಿಂತದ್ದರಿಂದ, ವ್ಯತ್ಯಾಸದ ಬೇರು ಕಲಿತ ಸಂಸ್ಕೃತಿಯಲ್ಲಿದೆ ಎಂಬ ವಾದಕ್ಕೆ ಬಲ ಬಂದಿತು.

ನೈತಿಕ ತೀರ್ಮಾನವನ್ನು ಕುರಿತ ಅವರ ಕೆಲಸ ಇಲ್ಲಿಂದ ಮುಂದಕ್ಕೆ ಬೆಳೆಯಿತು. ಡೇವಿಡ್ ಬರ್ಸಾಫ್ ಮೊದಲಾದವರೊಡನೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯ್ತಂದೆ ಮಗುವಿಗೆ, ಗೆಳೆಯ ಗೆಳೆಯನಿಗೆ, ಅಪರಿಚಿತ ಅಪರಿಚಿತನಿಗೆ ನೆರವಾಗದೆ ಹೋದ ಸಂದರ್ಭಗಳನ್ನು ಪ್ರಾಣಾಪಾಯದಿಂದ ಹಿಡಿದು ಸಣ್ಣಪುಟ್ಟ ಅಗತ್ಯದವರೆಗೆ ಬೇರೆಬೇರೆ ತೀವ್ರತೆಗಳಲ್ಲಿ ಮುಂದಿಟ್ಟಾಗ, ಅಗತ್ಯ ಸಣ್ಣದಾದಂತೆಯೂ ಸಂಬಂಧ ದೂರವಾದಂತೆಯೂ ಅಮೆರಿಕನ್ನರು ನೆರವನ್ನು ಅವರವರ ಇಷ್ಟಕ್ಕೆ ಬಿಟ್ಟ ವಿಷಯವೆಂದು ಕಂಡರೆ, ಭಾರತೀಯರು ಬಹುಮಟ್ಟಿಗೆ ಎಲ್ಲ ಸಂದರ್ಭಗಳಲ್ಲಿಯೂ ಅದನ್ನು ನೈತಿಕ ಹೊಣೆಯೆಂದೇ ಕಂಡರು. 1992ರಲ್ಲಿ ಅಮೆರಿಕದ ನ್ಯೂ ಹೇವನ್ ಮತ್ತು ಮೈಸೂರುಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನ ಎರಡು ಹೊಣೆಗಳು ಡಿಕ್ಕಿ ಹೊಡೆಯುವ ಸಂಕಟವನ್ನು ಕೇಳುಗರ ಮುಂದಿಟ್ಟಿತು: ಆಪ್ತ ಗೆಳೆಯನ ಮದುವೆಯ ಉಂಗುರಗಳನ್ನು ಇನ್ನೊಂದು ಊರಿಗೆ ತಲುಪಿಸಬೇಕಾದವನು ದಾರಿಯಲ್ಲಿ ಹಣದ ಚೀಲ ಕಳೆದುಕೊಂಡಿದ್ದಾನೆ, ಬೇರೆ ದಾರಿ ಉಳಿದಿಲ್ಲ, ನಿಲ್ದಾಣದಲ್ಲಿ ಪಕ್ಕದವನ ಕೋಟಿನ ಜೇಬಿನಲ್ಲಿರುವ ರೈಲಿನ ಟಿಕೀಟನ್ನು ಕದ್ದು ಅವನು ಉಂಗುರ ಮುಟ್ಟಿಸಬೇಕೇ, ಕಳ್ಳತನ ಮಾಡದೆ ಗೆಳೆಯನನ್ನು ನಿರಾಸೆಗೊಳಿಸಬೇಕೇ ಎಂಬುದು ಪ್ರಶ್ನೆ. ಇಂಥ ಸಂಕಟಗಳಲ್ಲಿ ಸಂಬಂಧದ ಹೊಣೆಯನ್ನು ಆರಿಸಿದವರ ಪ್ರಮಾಣ ಭಾರತೀಯರಲ್ಲಿ ಶೇ. 84ರಷ್ಟು, ಅಮೆರಿಕನ್ನರಲ್ಲಿ ಶೇ. 39ರಷ್ಟು ಇತ್ತು.

ಈ ಉತ್ತರಗಳಿಂದ ಕೋಲ್ಬರ್ಗ್ ಅವರ ಏಣಿ ಅಲುಗಾಡಿತು. ಸಂಬಂಧದ ಹೊಣೆಯನ್ನು ಆರಿಸಿದವರು ಬಂಧುಗಳ ಮೆಚ್ಚುಗೆಗೆ ಹಾತೊರೆದು ಹಾಗೆ ಮಾಡಿದವರಲ್ಲ. ನ್ಯಾಯಕ್ಕೆ ಪಶ್ಚಿಮದವರು ಕೊಡುವ ಅನುಲ್ಲಂಘ್ಯತೆಯನ್ನೇ ಅವರು ಸಂಬಂಧದ ಕರ್ತವ್ಯಕ್ಕೂ ಕೊಟ್ಟರು. 1982ರಲ್ಲಿ ಕೋಲ್ಬರ್ಗ್ ಅವರನ್ನು ಟೀಕಿಸಿ ಕಾಳಜಿಯ ನೈತಿಕತೆಯನ್ನು ಎತ್ತಿಹಿಡಿದ ಕ್ಯಾರಲ್ ಗಿಲಿಗನ್ ಅವರ ವಿಚಾರಕ್ಕೂ ಮಿಲ್ಲರ್ ಒಂದು ತಿದ್ದುಪಡಿ ಸೂಚಿಸಿದರು: ಗಿಲಿಗನ್ ವಿವರಿಸಿದ ಕಾಳಜಿ ವ್ಯಕ್ತಿ ತಾನಾಗಿ ಆರಿಸಿಕೊಳ್ಳುವಂಥದ್ದು, ಮೈಸೂರಿನಲ್ಲಿ ಕಂಡ ಕಾಳಜಿ ಕರ್ತವ್ಯದ ರೂಪದ್ದು. ಒಡಹುಟ್ಟಿದವರೋ ಸಹೋದ್ಯೋಗಿಯೋ ತನಗೆ ಇಷ್ಟವಾಗದಿದ್ದರೆ ಅವರಿಗೆ ನೆರವಾಗುವ ಹೊಣೆಯೂ ಇಳಿಯುತ್ತದೆಂದು ಅಮೆರಿಕನ್ನರು ಭಾವಿಸಿದರೆ, ಇಷ್ಟ ಅನಿಷ್ಟಗಳಿಂದ ಹೊಣೆ ಬದಲಾಗುವುದಿಲ್ಲವೆಂದು ಭಾರತೀಯರು ಭಾವಿಸಿದ್ದು 1998ರ ಅಧ್ಯಯನದಲ್ಲಿ ಕಂಡಿತು. ಯೇಲ್, ಮಿಷಿಗನ್ ವಿಶ್ವವಿದ್ಯಾಲಯಗಳ ಮೂಲಕ ನ್ಯೂಯಾರ್ಕಿನ ನ್ಯೂ ಸ್ಕೂಲಿಗೆ ಬಂದು ನೆಲೆಸಿದ ಮಿಲ್ಲರ್ ಅವರ ವೃತ್ತಿಜೀವನದ ನಂತರದ ಘಟ್ಟದಲ್ಲಿ ಸ್ವಪರಿಕಲ್ಪನೆಯ ಪ್ರಶ್ನೆ ಮುನ್ನೆಲೆಗೆ ಬಂತು. ಸಮಾಜ ಬಲವಾಗಿ ನಿರೀಕ್ಷಿಸುವ ಕೆಲಸವನ್ನು ಮಾಡುವಾಗ ಅಮೆರಿಕನ್ನರಿಗೆ ತಮ್ಮ ಸ್ವಾತಂತ್ರ್ಯವೂ ಸಂತೃಪ್ತಿಯೂ ಕುಗ್ಗಿದಂತೆ ತೋರಿದರೆ, ಭಾರತೀಯರಿಗೆ ಹಾಗೆ ತೋರುವುದಿಲ್ಲವೆಂದು 2011ರಲ್ಲಿ ಸಹಸಂಶೋಧಕರೊಡನೆ ಅವರು ತೋರಿಸಿಕೊಟ್ಟರು; ಕರ್ತವ್ಯವನ್ನು ಹೊರಗಿನ ಬಲವಂತವೆಂದೂ ಸ್ವಂತ ಇಚ್ಛೆಯನ್ನು ಅದರ ವಿರೋಧಿಯೆಂದೂ ನೋಡುವ ಸ್ವಪರಿಕಲ್ಪನೆ ಎಲ್ಲ ಸಮಾಜಗಳಿಗೂ ಸಮಾನವಲ್ಲವೆಂಬುದು ಅದರ ತಾತ್ಪರ್ಯ.

ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, 1960ರ ದಶಕದಿಂದ ಷಿಕಾಗೊದಲ್ಲಿ ಕಲಿಸಿದ ಎ. ಕೆ. ರಾಮಾನುಜನ್ ಸಾಹಿತ್ಯ ಮತ್ತು ಧರ್ಮಶಾಸ್ತ್ರಗಳ ಓದಿನಿಂದ ಇದಕ್ಕೆ ಸಮೀಪದ ನಿಲುವನ್ನು ತಲುಪಿದ್ದರು. ಭಾರತೀಯ ಚಿಂತನೆಯಲ್ಲಿ ನಿಯಮಗಳು ದೇಶ, ಕಾಲ, ಪಾತ್ರಗಳಿಗೆ ಬದ್ಧವಾಗಿರುತ್ತವೆ ಎಂದು ಅವರು ವಾದಿಸಿದರು. ಆದರೆ ರಾಮಾನುಜನ್ ಅದೇ ವಾದದ ಇನ್ನೊಂದು ಮುಖವನ್ನೂ ಮರೆಯಲಿಲ್ಲ: ಮನುವಿನ ಧರ್ಮಶಾಸ್ತ್ರದಲ್ಲಿ ಒಂದೇ ಅಪರಾಧಕ್ಕೆ ವರ್ಣಕ್ಕೊಂದು ಶಿಕ್ಷೆ ಇರುವುದೂ ಸಂದರ್ಭಬದ್ಧತೆಯೇ. ಇಲ್ಲಿ ಗೋಕಾಕ ಫಾಲ್ಸ್‌ನ ಚರಿತ್ರೆ ಮತ್ತೆ ಪ್ರಸ್ತುತವಾಗುತ್ತದೆ. ಪರಿಚಿತ ವಕೀಲರ ತಪ್ಪಿನ ಹಿಂದೆ ಅಷ್ಟೊಂದು ಸಂದರ್ಭಗಳನ್ನು ಕಾಣಬಲ್ಲ ಸಮಾಜದಲ್ಲಿಯೇ, ಕೆಲವು ಸಮುದಾಯಗಳ ಮಟ್ಟಿಗೆ ಹುಟ್ಟೊಂದೇ ಸಾಕಾಗುವ ಕಾಯಿದೆ ಎಂಟು ದಶಕ ನಡೆಯಿತು. ಅದನ್ನು ಬರೆದವರು ಪರಕೀಯರಾದರೂ ಅದು ಆಧರಿಸಿದ ಕುಲಕಸುಬಿನ ತರ್ಕ ಇಲ್ಲಿಯದೇ, ಅದರ ಜಾರಿಗೆ ಬೇಕಾದ ಮಾಹಿತಿ ಕೊಟ್ಟವರಲ್ಲಿ ಇಲ್ಲಿಯ ಗೌಡ ಕುಲಕರ್ಣಿಗಳೂ ಇದ್ದರು. ಮಿಲ್ಲರ್ ಕೇಳಿದ್ದು ಪರಿಚಿತರ ಬಗ್ಗೆ ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಪರಿಚಿತನಿಗೆ ಮನೆ, ನೌಕರಿ, ಸಾಲ, ಕಾಯಿಲೆ, ಕೊಟ್ಟ ಮಾತು ಎಲ್ಲವೂ ಇರುತ್ತವೆ, ಆದ್ದರಿಂದ ಅವನ ತಪ್ಪಿಗೆ ಸಂದರ್ಭ ಸುಲಭವಾಗಿ ಸಿಗುತ್ತದೆ. ಊರ ಹೊರಗೆ ಬಿಡಾರ ಹೂಡಿದ ಅಲೆಮಾರಿಗೆ ಊರಿನವರ ನೆನಪಿನಲ್ಲಿ ಸಮುದಾಯದ ಹೆಸರೊಂದೇ ಇರುತ್ತದೆ, ಆ ಹೆಸರೇ ಅವನ ಗುಣವಾಗಿಬಿಡುತ್ತದೆ. ಮೈಸೂರಿನ ಮಧ್ಯಮ ವರ್ಗದ ಉತ್ತರಗಳನ್ನು ಇಡೀ ಭಾರತೀಯ ಮನಸ್ಸಿನ ಲಕ್ಷಣವೆಂದು ಸಾರುವವರು ಈ ಮಿತಿಯನ್ನು ಕಾಣದೆ ಹೋಗುತ್ತಾರೆ.

ಮುಂಬೈ ಪ್ರಾಂತ್ಯ 1949ರಲ್ಲಿ ಕಾಯಿದೆಯನ್ನು ತೆಗೆದುಹಾಕಿತು. ದೇಶದಾದ್ಯಂತ ಅದು 1952ರ ಆಗಸ್ಟ್ 31ರಂದು ರದ್ದಾಯಿತು, ಅಂದಿನಿಂದ ಈ ಜನ ವಿಮುಕ್ತ ಸಮುದಾಯಗಳೆಂದು ಕರೆಸಿಕೊಂಡರು. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಅವು ಬರವಣಿಗೆಯಲ್ಲಿ ಸಮುದಾಯವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿದವಾದರೂ, ಠಾಣೆಗಳ ಸಂದೇಹ ಹಳೆಯ ಜಾಡಿನಲ್ಲಿಯೇ ಸಾಗಿತೆಂಬುದನ್ನು 2008ರಲ್ಲಿ ವರದಿ ಕೊಟ್ಟ ರೇಣಕೆ ಆಯೋಗದಂಥವು ಎತ್ತಿ ತೋರಿಸಿದವು. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿ ತಾರತಮ್ಯದ ನಿಯಮಗಳನ್ನು ರದ್ದುಪಡಿಸಿದಾಗ, ವಿಮುಕ್ತ ಸಮುದಾಯದವರನ್ನು ಹುಟ್ಟಿನ ಕಾರಣಕ್ಕೆ ರೂಢಿಗತ ಅಪರಾಧಿಗಳೆಂದು ಎಣಿಸುವುದನ್ನೂ ಸಂವಿಧಾನಬಾಹಿರವೆಂದು ಹೇಳಿತು. ಕಾಯಿದೆ ರದ್ದಾಗಿ ಎಪ್ಪತ್ತೆರಡು ವರ್ಷಗಳಾದ ಮೇಲೂ ಹಾಗೆ ಹೇಳಬೇಕಾದ ಅಗತ್ಯ ಉಳಿದಿತ್ತು. ಸೆಟ್ಲಮೆಂಟಿನ ಹಾಜರಿಯಲ್ಲಿ ಹೆಸರು ಕೂಗಿದವರು ಒಬ್ಬೊಬ್ಬರನ್ನೂ ಕರೆದು ನೀನೇಕೆ ಹೀಗೆ ಮಾಡಿದೆ ಎಂದು ಕೇಳುವ ಪದ್ಧತಿ ಇರಲಿಲ್ಲ, ಯಾಕೆಂದರೆ ಕಾಯಿದೆಯ ಪ್ರಕಾರ ಉತ್ತರ ಮೊದಲೇ ಗೊತ್ತಿತ್ತು. ಮೈಸೂರಿನ ಅಧ್ಯಯನಗಳ ಚಾರಿತ್ರಿಕ ಮಹತ್ವ ಆ ಪ್ರಶ್ನೆಯನ್ನು ಕೇಳಿದ್ದರಲ್ಲಿದೆ; ಕೇಳಿದಾಗ ಜನ ಕಾರಣಗಳನ್ನು ಹೇಳಬಲ್ಲರೆಂದು ಅವು ತೋರಿಸಿದವು. ಪರಿಚಿತರಿಗೆ ಸಿಗುವ ಆ ವಿಚಾರಣೆ ವಿಮುಕ್ತರಿಗೂ ಸಿಗುವಂತೆ ಮಾಡುವುದು ಮನೋವಿಜ್ಞಾನದ ಕೆಲಸವಲ್ಲ, ಠಾಣೆ, ಶಾಲೆ, ನ್ಯಾಯಾಲಯಗಳ ಕೆಲಸ.